ಟ್ರಯಲ್ ಬ್ಯಾಲೆನ್ಸ್ ಕೂಡಿದೆ, ಆದರೆ ಜನರಲ್ ಲೆಡ್ಜರ್‌ಗೂ ಸಾಲದ ಕಾರ್ಡ್‌ಗಳಿಗೂ ₹7,200 ವ್ಯತ್ಯಾಸ. ಎಲ್ಲಿ ಹುಡುಕಲಿ?

ಮಾರ್ಚ್ ಮಂಗಳಾರತಿ | ಏಪ್ರಿಲ್ 7, ರಾತ್ರಿ 9:52

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿ ಐದು ತಿಂಗಳಾಯಿತು. ಬಿ.ಕಾಂ. ಮಾಡಿದ್ದೇನೆ. ಆದರೆ ಕಾಲೇಜಿನಲ್ಲಿ ಲೆಡ್ಜರ್ ಅಂದರೆ ಬೋರ್ಡಿನ ಮೇಲೆ ಬರೆಯುವ ‘ಟಿ’ ಆಕಾರ, ಅಷ್ಟೇ. ಇಲ್ಲಿ ಅದು ಎರಡೂ ಕೈ ಹಾಕಿ ಎತ್ತಬೇಕಾದ ಪುಸ್ತಕ.

ನಮ್ಮಲ್ಲಿ ಎಲ್ಲವೂ ಇನ್ನೂ ಕೈಬರಹ. ರಸೀದಿ, ವೋಚರ್ ನೋಡಿ ದಿನವಹಿ (ಆಯಾ ದಿನದ ವ್ಯವಹಾರದ ಪುಸ್ತಕ) ಬರೆಯುತ್ತೇನೆ. ದಿನವಹಿಯಿಂದ ಜನರಲ್ ಲೆಡ್ಜರ್‌ಗೆ (ಖಾತೆವಾರು ಪುಸ್ತಕ) ಎತ್ತುತ್ತೇನೆ. ಸದಸ್ಯರ ಸಾಲದ ಕಾರ್ಡ್, ಉಳಿತಾಯದ ಕಾರ್ಡ್ ಬೇರೆ ಇವೆ. ಅವನ್ನು ಕೌಂಟರ್‌ನಲ್ಲಿ ಕೂತವರು ನೇರವಾಗಿ ರಸೀದಿ ನೋಡಿ ಬರೆಯುತ್ತಾರೆ.

ಮಾರ್ಚ್ 31ರ ಟ್ರಯಲ್ ಬ್ಯಾಲೆನ್ಸ್ (ಲೆಡ್ಜರ್‌ನ ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಬಾಕಿಗಳ ಪಟ್ಟಿ) ಪೈಸೆಗೆ ಪೈಸೆ ಕೂಡಿದೆ. ನಗದು ಶಿಲ್ಕೂ ಸರಿಯಾಗಿದೆ. ಆದರೆ ಜನರಲ್ ಲೆಡ್ಜರ್‌ನಲ್ಲಿ ‘ಸದಸ್ಯರ ಸಾಲ’ ₹18,46,300 ಇದೆ. 74 ಸಾಲದ ಕಾರ್ಡ್‌ಗಳ ಬಾಕಿ ಕೂಡಿದರೆ ₹18,53,500 ಬರುತ್ತಿದೆ. ಕಾರ್ಡ್‌ಗಳಲ್ಲಿ ₹7,200 ಜಾಸ್ತಿ. ಮೂರು ಸಲ ಕೂಡಿದೆ. ಮೂರು ಸಲವೂ ಅಷ್ಟೇ.

22ನೇ ತಾರೀಖು ಆಡಿಟರ್ ಬರುತ್ತಾರೆ. ನಿರ್ದೇಶಕರೊಬ್ಬರು “ಸುಮ್ನೆ ಅನಾಮತ್ತು ಖಾತೆಗೆ ಹಾಕಿ ಮುಗಿಸಮ್ಮ” ಅಂತಿದ್ದಾರೆ (ಎಲ್ಲಿಗೆ ಸೇರಬೇಕೋ ಗೊತ್ತಾಗದ ಮೊತ್ತವನ್ನು ತಾತ್ಕಾಲಿಕವಾಗಿ ಇಡುವ ಸಸ್ಪೆನ್ಸ್ ಖಾತೆ). ಇದರಲ್ಲಿ ಯಾವುದನ್ನು ನಂಬಬೇಕು, ಲೆಡ್ಜರನ್ನೋ ಕಾರ್ಡುಗಳನ್ನೋ?

ಸೆಕೆಂಡ್ ಪಿಯು ಸೈನಿಕ | ಏಪ್ರಿಲ್ 7, ರಾತ್ರಿ 10:08

ಟ್ರಯಲ್ ಬ್ಯಾಲೆನ್ಸ್ ಕೂಡಿತು ಅಂದರೆ ಎಲ್ಲ ಸರಿ ಅಂತ ಅಲ್ವಾ ಅಕ್ಕಾ? ನಮಗೆ ಪರೀಕ್ಷೆಯಲ್ಲಿ ಅದು ಕೂಡಿದರೆ ಹಬ್ಬ.

ಕಾಮರ್ಸ್ ಮೇಷ್ಟ್ರು | ಏಪ್ರಿಲ್ 7, ರಾತ್ರಿ 10:41

ಸೈನಿಕರೇ, ನಿಮ್ಮ ಹಬ್ಬ ಕೆಡಿಸುತ್ತಿದ್ದೇನೆ, ಕ್ಷಮಿಸಿ. ಟ್ರಯಲ್ ಬ್ಯಾಲೆನ್ಸ್ ಹೇಳುವುದು ಒಂದೇ ಮಾತು: ಜನರಲ್ ಲೆಡ್ಜರ್‌ನಲ್ಲಿ ಎಷ್ಟು ಡೆಬಿಟ್ ಬಿದ್ದಿದೆಯೋ ಅಷ್ಟೇ ಕ್ರೆಡಿಟ್ ಬಿದ್ದಿದೆ. ಬಿದ್ದ ಜಾಗ ಸರಿಯೋ ತಪ್ಪೋ ಅದಕ್ಕೆ ಗೊತ್ತಿಲ್ಲ. ಒಂದು ವ್ಯವಹಾರ ಪೂರ್ತಿ ಬಿಟ್ಟುಹೋಗಿದ್ದರೂ ಅದು ಕೂಡುತ್ತದೆ. ಸೋಮಣ್ಣನ ಹಣ ರಾಮಣ್ಣನ ಖಾತೆಗೆ ಹೋಗಿದ್ದರೂ ಕೂಡುತ್ತದೆ. ಕುರ್ಚಿ ಕೊಂಡಿದ್ದನ್ನು ಸ್ಟೇಷನರಿ ಖರ್ಚಿಗೆ ಬರೆದರೂ ಕೂಡುತ್ತದೆ.

ಈಗ ಮಂಗಳಾರತಿಯವರ ವಿಷಯ. ಒಂದು ಉದಾಹರಣೆ ನೋಡಿ. ಸದಸ್ಯರೊಬ್ಬರು ₹5,600 ಕಟ್ಟಿದರು. ಅದರಲ್ಲಿ ₹5,000 ಅಸಲು, ₹600 ಬಡ್ಡಿ. ದಿನವಹಿಯಲ್ಲಿ ಇದು ಒಂದೇ ಜಾಗದಲ್ಲಿದೆ, ಆ ದಿನದ ಪುಟದಲ್ಲಿ. ಜನರಲ್ ಲೆಡ್ಜರ್‌ನಲ್ಲಿ ಇದೇ ₹5,600 ಮೂರು ಪುಟಕ್ಕೆ ಹಂಚಿಹೋಗುತ್ತದೆ. ನಗದು ಪುಟದಲ್ಲಿ ₹5,600 ಡೆಬಿಟ್. ಸದಸ್ಯರ ಸಾಲದ ಪುಟದಲ್ಲಿ ₹5,000 ಕ್ರೆಡಿಟ್. ಸಾಲದ ಬಡ್ಡಿಯ ಪುಟದಲ್ಲಿ ₹600 ಕ್ರೆಡಿಟ್. ದಿನವಹಿಯನ್ನು “ಆಗಸ್ಟ್ 12ಕ್ಕೆ ಏನಾಯಿತು?” ಅಂತ ಕೇಳಬಹುದು. “ಒಟ್ಟು ಎಷ್ಟು ಸಾಲ ಹೊರಗಿದೆ, ಈ ವರ್ಷ ಎಷ್ಟು ಬಡ್ಡಿ ಬಂತು?” ಅಂದರೆ ಅದು ಬಾಯಿ ಬಿಡುವುದಿಲ್ಲ. ಅದಕ್ಕೆ ಲೆಡ್ಜರೇ ಬೇಕು. ಒಂದು ತಾರೀಖಿನ ಪ್ರಕಾರ, ಇನ್ನೊಂದು ಹೆಸರಿನ ಪ್ರಕಾರ.

ಆದರೆ ಲೆಡ್ಜರ್‌ನ ಸಾಲದ ಪುಟಕ್ಕೆ 74 ಜನರ ಹೆಸರು ಗೊತ್ತಿಲ್ಲ. ಅದು ಒಟ್ಟು ಮೊತ್ತ ಮಾತ್ರ ಇಟ್ಟುಕೊಂಡಿರುತ್ತದೆ. ಹೆಸರುವಾರು ವಿವರ ಕಾರ್ಡ್‌ಗಳಲ್ಲಿದೆ. ಪಾಠದ ಭಾಷೆಯಲ್ಲಿ ಆ ಪುಟ ಕಂಟ್ರೋಲ್ ಅಕೌಂಟ್, ಕಾರ್ಡ್‌ಗಳು ಸಬ್ಸಿಡಿಯರಿ ಲೆಡ್ಜರ್. ಟ್ರಯಲ್ ಬ್ಯಾಲೆನ್ಸ್ ಕಾರ್ಡ್‌ಗಳನ್ನು ಒಮ್ಮೆಯೂ ತೆರೆದು ನೋಡುವುದಿಲ್ಲ. ಆದ್ದರಿಂದ ಅದು ಕೂಡಿದೆ ಅನ್ನುವುದು ನಿಮ್ಮ ಈ ₹7,200ಕ್ಕೆ ಏನೂ ಉತ್ತರ ಅಲ್ಲ.

ಹುಡುಕಲು ಎರಡು ಹಳೇ ಉಪಾಯ ಇವೆ. ವ್ಯತ್ಯಾಸವನ್ನು ಅರ್ಧ ಮಾಡಿ: ₹3,600. ಆ ಮೊತ್ತ ತಪ್ಪು ಬದಿಗೆ ಬಿದ್ದಿದೆಯಾ ನೋಡಿ. ಆಮೇಲೆ 9ರಿಂದ ಭಾಗಿಸಿ. ಸರಿಯಾಗಿ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು. 9,100 ಬರೆಯುವಲ್ಲಿ 1,900 ಬರೆದರೆ ವ್ಯತ್ಯಾಸ ಸರಿಯಾಗಿ 7,200.

ಮಾರ್ಚ್ ಮಂಗಳಾರತಿ | ಏಪ್ರಿಲ್ 7, ರಾತ್ರಿ 10:50

ಸಾರ್, 7,200 ಅಂತೂ 9ರಿಂದ ಭಾಗವಾಗುತ್ತೆ! 800! ನಾಳೆ ಬೆಳಗ್ಗೆ ಹೋದ ಕೂಡಲೇ ನೋಡುತ್ತೇನೆ.

ಹುಬ್ಬಳ್ಳಿ ದಲಾಲಿ | ಏಪ್ರಿಲ್ 8, ಬೆಳಗ್ಗೆ 7:15

ನಮ್ಮ ಕಡೆ ದಿನವಹಿಗೆ ಕಿರ್ದಿ ಅಂತೀವಿ. ಕಿರ್ದಿಯಿಂದ ಖಾತೆಗೆ ಎತ್ತೋದಕ್ಕೆ ಖತಾವಣಿ. ನಮ್ಮಜ್ಜ ರಾತ್ರಿ ಊಟ ಆದಮೇಲೆ ಖತಾವಣಿ ಮಾಡದೆ ಮಲಗುತ್ತಿರಲಿಲ್ಲ. ಕಿರ್ದಿ ಅಂಗಡಿಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ಗುಮಾಸ್ತರೂ ಬರೀತಿದ್ದರು. ಖಾತೆ ಪುಸ್ತಕ ಮಾತ್ರ ಬೀರುವಿನೊಳಗೆ. ಯಾರು ಎಷ್ಟು ಕೊಡಬೇಕು ಅನ್ನೋದು ಅದರಲ್ಲಿ ಇರೋದಲ್ವಾ? ಅಂಗಡಿಯ ಗುಟ್ಟೆಲ್ಲ ಅದೇ.

ಆಗ ದೀಪಾವಳಿಯಿಂದ ದೀಪಾವಳಿಗೆ ವರ್ಷ. 1989ರ ಏಪ್ರಿಲ್‌ನಿಂದ ಆದಾಯ ತೆರಿಗೆಗೆ ಎಲ್ಲರಿಗೂ ಏಪ್ರಿಲ್–ಮಾರ್ಚ್ ಅಂತ ಆಯಿತು. ಆದರೂ ನಮ್ಮಲ್ಲಿ ಇವತ್ತಿಗೂ ಲಕ್ಷ್ಮೀ ಪೂಜೆಯ ದಿನ ಹೊಸ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಮೊದಲ ಪುಟದಲ್ಲಿ ‘ಶ್ರೀ’ ಬರೆದು ಇಡ್ತೀವಿ. ಲೆಕ್ಕವೆಲ್ಲ ಕಂಪ್ಯೂಟರಿನ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ. ಆ ಪುಸ್ತಕ ಮುಂದಿನ ದೀಪಾವಳಿವರೆಗೂ ಖಾಲಿ!

ಕೋಡ್ ಕೋಸಂಬರಿ | ಏಪ್ರಿಲ್ 8, ಬೆಳಗ್ಗೆ 9:30

ಬೆಂಗಳೂರಿನಲ್ಲಿ ಅಕೌಂಟಿಂಗ್ ಸಾಫ್ಟ್‌ವೇರ್ ಕಡೆ ಕೆಲಸ ಮಾಡುವವನು ನಾನು. ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೈಯಬೇಡಿ.

ಲೆಡ್ಜರ್ ಅನ್ನೋ ‘ಪುಸ್ತಕ’ ಈಗ ಇಲ್ಲವೇ ಇಲ್ಲ. ಟ್ಯಾಲಿಯಲ್ಲಿ ನೀವು ವೋಚರ್ ಸೇವ್ ಮಾಡುತ್ತೀರಿ, ಅಷ್ಟೇ. ಖತಾವಣಿ ಅಂತ ಬೇರೆ ಕೆಲಸ ಇಲ್ಲ. ಲೆಡ್ಜರ್ ತೆರೆದಾಗ ಅದೇ ವೋಚರ್‌ಗಳನ್ನು ಹೆಸರಿನ ಪ್ರಕಾರ ಜೋಡಿಸಿ ತೋರಿಸುತ್ತದೆ. ನಮ್ಮ ಭಾಷೆಯಲ್ಲಿ ಅದೊಂದು ಕ್ವೆರಿ. ದೊಡ್ಡ ಕಂಪನಿಗಳು ಬಳಸುವ ಸ್ಯಾಪ್ ಸಾಫ್ಟ್‌ವೇರ್‌ನಲ್ಲೂ ಹಾಗೇ. 2015ರಲ್ಲಿ ಬಂದ ಅದರ ಎಸ್/4 ಹಾನಾ ಆವೃತ್ತಿಯಲ್ಲಿ ಜನರಲ್ ಲೆಡ್ಜರ್ ಸಾಲು, ಗ್ರಾಹಕರ ಸಾಲು ಎಲ್ಲ ಒಂದೇ ಟೇಬಲ್‌ನಲ್ಲಿ ಕೂತಿವೆ. ‘ಸದಸ್ಯರ ಸಾಲ’ದಂಥ ಕಂಟ್ರೋಲ್ ಖಾತೆಗೆ ಅಲ್ಲಿ ರಿಕನ್ಸಿಲಿಯೇಷನ್ ಅಕೌಂಟ್ ಅಂತಾರೆ. ಅದಕ್ಕೆ ನೇರವಾಗಿ ಎಂಟ್ರಿ ಹಾಕಲು ಹೋದರೆ ಬಿಡುವುದೇ ಇಲ್ಲ. ಗ್ರಾಹಕನ ಖಾತೆ ಮೂಲಕವೇ ಬರಬೇಕು. ಹಾಗಾಗಿ ಒಟ್ಟಿಗೂ ವಿವರಕ್ಕೂ ವ್ಯತ್ಯಾಸ ಬರೋ ಪ್ರಶ್ನೆಯೇ ಇಲ್ಲ.

ಕಂಪ್ಯೂಟರ್ ಹಾಕಿಸಿ ಅಂತ ನಿಮ್ಮ ಸಂಘದವರಿಗೆ ಹೇಳಿ. ನಿಮ್ಮ ಈ ರೋಗಕ್ಕೆ ಅದೇ ಮದ್ದು.

ಹಳೇ ಗುಮಾಸ್ತ | ಏಪ್ರಿಲ್ 8, ಮಧ್ಯಾಹ್ನ 2:20

ಕೋಸಂಬರಿಯವರೇ, ಮದ್ದು ಒಳ್ಳೆಯದೇ. ಆದರೆ ನೀವು ರೋಗ ವಾಸಿ ಮಾಡುತ್ತಿಲ್ಲ, ಥರ್ಮಾಮೀಟರ್ ಒಡೆದು ಹಾಕುತ್ತಿದ್ದೀರಿ.

ನಾನು ಸಂಘಗಳಲ್ಲೇ 34 ವರ್ಷ ಲೆಕ್ಕ ಬರೆದವನು. ಕೈಬರಹದಲ್ಲಿ ದಿನವಹಿ ಬರೆಯುವವನು ಒಬ್ಬ, ಕಾರ್ಡ್ ಬರೆಯುವವನು ಇನ್ನೊಬ್ಬ. ಇಬ್ಬರೂ ಅದೇ ರಸೀದಿ ನೋಡಿ ಬೇರೆ ಬೇರೆಯಾಗಿ ಬರೆಯುತ್ತಾರೆ. ತಿಂಗಳ ಕೊನೆಗೆ ಎರಡೂ ಒಂದೇ ಮೊತ್ತ ಹೇಳಿದರೆ, ಎರಡು ಸಾಕ್ಷಿ ಒಂದೇ ಮಾತು ಹೇಳಿದ ಹಾಗೆ. ನಿಮ್ಮ ಕಂಪ್ಯೂಟರಿನಲ್ಲಿ ಒಬ್ಬನೇ ಒಂದು ಸಲ ಕುಟ್ಟುತ್ತಾನೆ, ಅದೇ ಎರಡೂ ಕಡೆ ಹೋಗುತ್ತದೆ. ತಪ್ಪು ಕುಟ್ಟಿದರೆ? ಎರಡೂ ಕಡೆ ತಪ್ಪೇ, ಆದರೆ ಎರಡೂ ಕೂಡುತ್ತದೆ! ಒಬ್ಬನೇ ಸಾಕ್ಷಿ ಎರಡು ಅಂಗಿ ಹಾಕಿಕೊಂಡು ಎರಡು ಸಲ ಕಟಕಟೆ ಹತ್ತಿದ ಹಾಗಾಯಿತು.

ಮಂಗಳಾರತಿ ತಂಗಿ, ಮೇಷ್ಟ್ರು ಹೇಳಿದ 9ರ ಉಪಾಯ ಕೆಟ್ಟದ್ದಲ್ಲ. ಆದರೆ ಒಂದು ಎಚ್ಚರ. ಅಂಕಿ ಅದಲುಬದಲಾದರೆ ವ್ಯತ್ಯಾಸ 9ರಿಂದ ಭಾಗವಾಗುತ್ತದೆ, ನಿಜ. 9ರಿಂದ ಭಾಗವಾಯಿತು ಅಂತ ಅಂಕಿ ಅದಲುಬದಲಾಗಿದೆ ಅನ್ನಬಾರದು. ಎಮ್ಮೆ ಕಪ್ಪು ಅಂತ ಕಪ್ಪಗಿರೋದೆಲ್ಲ ಎಮ್ಮೆ ಆಗುತ್ತಾ?

ಎರಡು ಪ್ರಶ್ನೆ ಕೇಳುತ್ತೇನೆ. ಉಳಿತಾಯದ ಕಾರ್ಡ್‌ಗಳನ್ನು ಕೂಡಿ ಜನರಲ್ ಲೆಡ್ಜರ್ ಜೊತೆ ನೋಡಿದೆಯಾ? ನಿಮ್ಮ ದಿನವಹಿಯಲ್ಲಿ ಹೊಂದಾಣಿಕೆ (ನಗದು ಕೈಬದಲಾಗದೆ ಖಾತೆಯಿಂದ ಖಾತೆಗೆ ಹೋಗುವ ಮೊತ್ತ) ಕಾಲಂ ಇದೆಯಾ?

ಮಾರ್ಚ್ ಮಂಗಳಾರತಿ | ಏಪ್ರಿಲ್ 8, ರಾತ್ರಿ 8:35

ಸಾರ್, ಇವತ್ತು ಪೂರ್ತಿ 1,900, 9,100 ಹುಡುಕಿದ್ದೇ ಬಂತು. ಹಾಗೇ 3,600 ಕೂಡ. ₹3,600ರ ರಸೀದಿ ಎರಡು ಸಿಕ್ಕವು, ಎರಡೂ ಕಾರ್ಡ್‌ನಲ್ಲಿ ಸರಿಯಾಗಿಯೇ ಇವೆ. ಕಣ್ಣು ಉರಿಯುತ್ತಿದೆ.

ಉಳಿತಾಯದ ಕಾರ್ಡ್ ಕೂಡಿಲ್ಲ. 612 ಇವೆ. ಅದನ್ನು ಯಾರೂ ಕೇಳಲ್ಲ ಅಂದಿದ್ದರು. ಹೊಂದಾಣಿಕೆ ಕಾಲಂ ಇದೆ.

ಹಳೇ ಗುಮಾಸ್ತ | ಏಪ್ರಿಲ್ 8, ರಾತ್ರಿ 9:05

ಯಾರೂ ಕೇಳದ ಪುಸ್ತಕದಲ್ಲೇ ತಪ್ಪು ಬಂದು ಮಲಗುವುದು, ತಂಗಿ.

ಇನ್ನು ಕೂಡುವುದನ್ನು ನಿಲ್ಲಿಸು. ವರ್ಷಪೂರ್ತಿ ರಸೀದಿಗಳನ್ನೂ ಹುಡುಕಬೇಡ. ಎರಡೂ ಯಾವಾಗ ಕೊನೆಯ ಸಲ ಕೂಡಿದ್ದವು ಅನ್ನುವುದನ್ನು ಮೊದಲು ಕಂಡುಹಿಡಿ. ಜನರಲ್ ಲೆಡ್ಜರ್‌ನ ಸಾಲದ ಪುಟದಲ್ಲಿ ಪ್ರತಿ ತಿಂಗಳ ಕೊನೆಗೂ ಬಾಕಿ ತೆಗೆದಿರುತ್ತಾರೆ. ನಡುವಿನದ್ದು ಹಿಡಿ, ಸೆಪ್ಟೆಂಬರ್ 30. ಆ ದಿನ 74 ಕಾರ್ಡ್‌ನಲ್ಲಿ ಎಷ್ಟು ಬಾಕಿ ಇತ್ತು ಅಂತ ಪಟ್ಟಿ ಮಾಡು. ವರ್ಷದೊಳಗೆ ತೀರಿದ ಸಾಲದ ಕಾರ್ಡ್‌ಗಳನ್ನೂ ಸೇರಿಸು, ಮರೆಯಬೇಡ. ಲೆಡ್ಜರ್‌ಗೆ ಕೂಡಿದರೆ ತಪ್ಪು ಆ ದಿನದ ನಂತರ ಇದೆ. ಕೂಡದಿದ್ದರೆ ಅದಕ್ಕಿಂತ ಮೊದಲು. ಹಾಗೇ ಅರ್ಧ ಅರ್ಧ ಮಾಡುತ್ತಾ ಹೋಗು.

ಅನಾಮತ್ತು ಖಾತೆಯ ಮಾತು ಎತ್ತಲೇಬೇಡ. ಅನಾಮತ್ತು ಇರುವುದು ಟ್ರಯಲ್ ಬ್ಯಾಲೆನ್ಸೇ ಕೂಡದಿದ್ದಾಗ, ಇಲ್ಲವೇ ಬಂದ ಹಣ ಯಾರದ್ದು ಅಂತ ಗೊತ್ತಾಗದಿದ್ದಾಗ. ನಿನ್ನ ಲೆಡ್ಜರ್ ಕೂಡಿದೆ. ಕಾರ್ಡ್‌ನ ತಪ್ಪಿಗೆ ಅದರಲ್ಲಿ ಒಂದು ಎಂಟ್ರಿ ಹಾಕಿದರೆ, ಸರಿ ಇರುವ ಪುಸ್ತಕವನ್ನು ನೀನೇ ಕೆಡಿಸಿದ ಹಾಗೆ.

ಕೋಡ್ ಕೋಸಂಬರಿ | ಏಪ್ರಿಲ್ 8, ರಾತ್ರಿ 9:12

ಯಜಮಾನರೇ, ಇದು ಬೈನರಿ ಸರ್ಚ್! ನಾವು ಇಂಟರ್ವ್ಯೂನಲ್ಲಿ ಕೇಳುತ್ತೇವೆ.

ಹಳೇ ಗುಮಾಸ್ತ | ಏಪ್ರಿಲ್ 8, ರಾತ್ರಿ 9:16

ಏನಾದರೂ ಕರೀರಿ. ನಾವು ಇದಕ್ಕೆ ಹೆಸರು ಇಟ್ಟಿರಲಿಲ್ಲ.

ಆರ್ಟಿಕಲ್‌ಶಿಪ್ ಅಳಲು | ಏಪ್ರಿಲ್ 9, ಬೆಳಗ್ಗೆ 8:10

ಸಿಎ ಆಫೀಸಿನಲ್ಲಿ ಆರ್ಟಿಕಲ್ (ತರಬೇತಿ) ಮಾಡುತ್ತಿದ್ದೇನೆ. ಕೋಸಂಬರಿ ಅವರ ಕಂಪ್ಯೂಟರ್ ಮಾತಿಗೆ ಒಂದು ಸೇರಿಸುತ್ತೇನೆ. 2022ರಲ್ಲಿ ಕೇಂದ್ರ ಸರ್ಕಾರ ₹2,516 ಕೋಟಿಯಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು, ಗೊತ್ತಿರಬಹುದು. ಅಂಥ ಒಂದು ಸಂಘದ ಹಳೇ ಲೆಕ್ಕ ಸರಿಮಾಡಲು ನಾನು ಹೋಗಿದ್ದೆ. ಕಂಪ್ಯೂಟರ್ ಬಂದು ಕೂತಿತ್ತು. ಆರಂಭ ಶಿಲ್ಕು ಹಾಕಲು ಹೋದರೆ ಲೆಡ್ಜರ್ ಒಂದು ಹೇಳುತ್ತದೆ, ಸದಸ್ಯರ ಪಟ್ಟಿ ಇನ್ನೊಂದು ಹೇಳುತ್ತದೆ. ಅದೇ ಜಗಳ.

ಟ್ಯಾಲಿಯಲ್ಲೂ ತಪ್ಪಿಸಿಕೊಳ್ಳಲು ಆಗಲ್ಲ. ಮಂಗಳಾರತಿಯವರು 74 ಜನರ ಬಾಕಿಯನ್ನು ಕಾರ್ಡ್ ನೋಡಿ ಹಾಕಿ, ಉಳಿದದ್ದನ್ನೆಲ್ಲ ಜನರಲ್ ಲೆಡ್ಜರ್ ನೋಡಿ ಹಾಕಿದರೆ, ಬ್ಯಾಲೆನ್ಸ್ ಶೀಟ್‌ನಲ್ಲಿ ‘ಡಿಫರೆನ್ಸ್ ಇನ್ ಓಪನಿಂಗ್ ಬ್ಯಾಲೆನ್ಸಸ್’ ಅಂತ ₹7,200ರ ಒಂದು ಸಾಲು ತಾನಾಗಿ ಬಂದು ಕೂರುತ್ತದೆ. ಎಲ್ಲರ ಕಣ್ಣಿಗೂ ಬೀಳುತ್ತದೆ.

ಇನ್ನೊಂದು ಮಾತು. ತಪ್ಪು ಸಿಕ್ಕಾಗ ಬ್ಲೇಡ್‌ನಲ್ಲಿ ಕೆರೆಯಬೇಡಿ, ವೈಟ್ನರ್ ಹಚ್ಚಬೇಡಿ. ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ಸಹಿ ಮತ್ತು ತಾರೀಖು ಹಾಕಿ. ಕಂಪನಿಗಳ ಸಾಫ್ಟ್‌ವೇರ್‌ನಲ್ಲಿ 2023ರ ಏಪ್ರಿಲ್ 1ರಿಂದ ಯಾರು ಯಾವಾಗ ಏನು ತಿದ್ದಿದರು ಅನ್ನುವ ದಾಖಲೆ ಕಡ್ಡಾಯವಾಗಿದೆ. ನಿಮ್ಮ ಪುಸ್ತಕದಲ್ಲಿ ಆ ಗೆರೆಯೇ ಆ ದಾಖಲೆ.

ಸೆಕೆಂಡ್ ಪಿಯು ಸೈನಿಕ | ಏಪ್ರಿಲ್ 9, ಮಧ್ಯಾಹ್ನ 4:02

ನಡುವೆ ಒಂದು ದಡ್ಡ ಪ್ರಶ್ನೆ. ನಾನು ಬ್ಯಾಂಕಿಗೆ ಹಣ ಕಟ್ಟಿದರೆ ನನ್ನ ಹತ್ತಿರ ಆಸ್ತಿ ಜಾಸ್ತಿಯಾಯಿತು, ಅಂದರೆ ಡೆಬಿಟ್. ಪಾಸ್‌ಬುಕ್ಕಲ್ಲಿ ಯಾಕೆ ಕ್ರೆಡಿಟ್ ಅಂತ ಬರುತ್ತೆ?

ಕಾಮರ್ಸ್ ಮೇಷ್ಟ್ರು | ಏಪ್ರಿಲ್ 9, ಸಂಜೆ 5:30

ಪಾಸ್‌ಬುಕ್ ನಿಮ್ಮ ಪುಸ್ತಕ ಅಲ್ಲ. ಬ್ಯಾಂಕಿನ ಲೆಡ್ಜರ್‌ನಲ್ಲಿ ನಿಮ್ಮ ಹೆಸರಿನಲ್ಲಿರುವ ಪುಟದ ನಕಲು. ಅವರಿಗೆ ನೀವು ಸಾಲ ಕೊಟ್ಟವರು, ನಿಮ್ಮ ಹಣ ಅವರ ಹೊಣೆ. ಆದ್ದರಿಂದ ಕ್ರೆಡಿಟ್.

ದಡ್ಡ ಪ್ರಶ್ನೆ ಏನಲ್ಲ ಇದು. ಮಂಗಳಾರತಿಯವರಿಗೂ ಇದರಲ್ಲಿ ಒಂದು ಸುಳಿವು ಇದೆ ನೋಡಿ. ಸದಸ್ಯ ಉಳಿತಾಯಕ್ಕೆ ಹಣ ಕಟ್ಟಿದರೆ ಸಂಘದ ಪುಸ್ತಕದಲ್ಲಿ ಕ್ರೆಡಿಟ್. ಸಾಲದ ಅಸಲು ಕಟ್ಟಿದರೂ ಕ್ರೆಡಿಟ್. ಎರಡೂ ಜಮಾ ಬದಿಯೇ. ಕೌಂಟರ್‌ನಲ್ಲಿ ಕೈಗೆ ಸಿಕ್ಕ ಕಾರ್ಡ್‌ಗೆ ಜಮಾ ಬರೆದುಬಿಟ್ಟರೆ ಅದು ತಪ್ಪು ಅಂತ ಯಾರಿಗೂ ಅನ್ನಿಸುವುದಿಲ್ಲ. ಗುಮಾಸ್ತರು ಉಳಿತಾಯದ ಕಾರ್ಡ್ ಕೇಳಿದ್ದು ಅದಕ್ಕೇ ಇರಬೇಕು.

ಮಾರ್ಚ್ ಮಂಗಳಾರತಿ | ಏಪ್ರಿಲ್ 10, ರಾತ್ರಿ 10:25

ಎರಡು ದಿನದ ವರದಿ. ಕೌಂಟರ್‌ನವರೂ ಜೊತೆಗೆ ಕೂತರು, ಪಾಪ.

ಸೆಪ್ಟೆಂಬರ್ 30: ಕಾರ್ಡ್‌ಗಳಲ್ಲಿ ₹7,200 ಜಾಸ್ತಿ. ಅಂದರೆ ತಪ್ಪು ಅದಕ್ಕಿಂತ ಮೊದಲೇ ಆಗಿದೆ, ನಾನು ಕೆಲಸಕ್ಕೆ ಸೇರುವ ಮೊದಲು. (ಇದು ಗೊತ್ತಾದಾಗ ಒಂದು ಲೋಟ ಟೀ ನೆಮ್ಮದಿಯಾಗಿ ಕುಡಿದೆ.) ಜೂನ್ 30: ಸರಿಯಾಗಿ ಕೂಡಿತು. ಜುಲೈ 31: ಕೂಡಿತು. ಆಗಸ್ಟ್ 31: ₹4,500 ಜಾಸ್ತಿ!

7,200 ಅಲ್ಲ, 4,500. ಅಂದರೆ ತಪ್ಪು ಒಂದಲ್ಲ, ಎರಡು. ಆಗಸ್ಟ್‌ನಲ್ಲಿ ₹4,500, ಸೆಪ್ಟೆಂಬರ್‌ನಲ್ಲಿ ₹2,700. ಮೂರೂ ಮೊತ್ತ 9ರಿಂದ ಭಾಗವಾಗುತ್ತೆ, ಮೂರಕ್ಕೂ ಅಂಕಿ ಅದಲುಬದಲಿಗೂ ಸಂಬಂಧವೇ ಇಲ್ಲದಿರಬಹುದು. ಮೇಷ್ಟ್ರೇ, ನಿಮ್ಮ 9ರ ಮೇಲೆ ನನಗೆ ಸಿಟ್ಟು ಬಂದಿದೆ.

ಉಳಿತಾಯದ 612 ಕಾರ್ಡ್ ಕೂಡ ಕೂಡಿದೆವು. ಲೆಡ್ಜರ್‌ಗಿಂತ ₹4,536 ಜಾಸ್ತಿ.

ಕಾಮರ್ಸ್ ಮೇಷ್ಟ್ರು | ಏಪ್ರಿಲ್ 10, ರಾತ್ರಿ 10:31

ಸಿಟ್ಟು ನ್ಯಾಯವೇ. ಆ 4,536ರಲ್ಲಿ 4,500 ಇಣುಕುತ್ತಿದೆ ನೋಡಿ.

ಹಳೇ ಗುಮಾಸ್ತ | ಏಪ್ರಿಲ್ 11, ಬೆಳಗ್ಗೆ 6:05

ಆಗಸ್ಟ್‌ನಲ್ಲಿ ₹4,500 ಅಸಲಿನ ರಸೀದಿ ಎಷ್ಟಿವೆ ನೋಡು. ಅವರ ಸಾಲದ ಕಾರ್ಡ್ ಪಕ್ಕ ಉಳಿತಾಯದ ಕಾರ್ಡ್ ಇಟ್ಟು ನೋಡು.

ಸೆಪ್ಟೆಂಬರ್‌ದು ರಸೀದಿಯಲ್ಲಿ ಸಿಗಲ್ಲ ಅಂತ ನನ್ನ ಅನುಮಾನ. ಸೆಪ್ಟೆಂಬರ್‌ನಲ್ಲಿ ವಾರ್ಷಿಕ ಮಹಾಸಭೆ ಆಗಿರುತ್ತದೆ. ಡಿವಿಡೆಂಡ್ ಹಂಚಿರುತ್ತೀರಿ. ಅದನ್ನು ಯಾರಾದರೂ ನಗದಾಗಿ ತೆಗೆದುಕೊಳ್ಳದೆ ಸಾಲಕ್ಕೆ ಜಮಾ ಮಾಡಿ ಅಂದಿದ್ದರೆ ಅದು ಹೊಂದಾಣಿಕೆ. ಹಣ ಕೈಗೆ ಬರುವುದಿಲ್ಲ, ರಸೀದಿ ಹರಿಯುವುದಿಲ್ಲ. ದಿನವಹಿಯ ಹೊಂದಾಣಿಕೆ ಕಾಲಂನಲ್ಲಿ ಡಿವಿಡೆಂಡ್ ಖರ್ಚು, ಸಾಲ ಜಮಾ ಅಂತ ಬರೆದು ಲೆಡ್ಜರ್‌ಗೆ ಎತ್ತಿರುತ್ತಾರೆ. ಕಾರ್ಡ್ ಬರೆಯುವವನ ಕೈಗೆ ಕಾಗದವೇ ಹೋಗಿರುವುದಿಲ್ಲ.

ಕೋಡ್ ಕೋಸಂಬರಿ | ಏಪ್ರಿಲ್ 11, ಬೆಳಗ್ಗೆ 10:40

ರಾತ್ರಿ ಕೂತು ಯೋಚನೆ ಮಾಡಿದೆ. ಯಜಮಾನರ ಎರಡು ಸಾಕ್ಷಿ ಮಾತು ಒಪ್ಪುತ್ತೇನೆ, ಅರ್ಧ. ಸೆಪ್ಟೆಂಬರ್‌ನ ತಪ್ಪು ಸಾಫ್ಟ್‌ವೇರ್‌ನಲ್ಲಿ ಆಗುತ್ತಲೇ ಇರಲಿಲ್ಲ, ಸದಸ್ಯರ ಹೆಸರಿಲ್ಲದೆ ಎಂಟ್ರಿ ಸೇವ್ ಆಗಲ್ಲ. ಆದರೆ ಆಗಸ್ಟ್‌ದು ಆಗುತ್ತಿತ್ತು. ಕೌಂಟರ್‌ನಲ್ಲಿ ಸಾಲದ ಬದಲು ಉಳಿತಾಯ ಅಂತ ಆರಿಸಿಬಿಟ್ಟರೆ ಲೆಡ್ಜರ್‌ಗೂ ಉಳಿತಾಯ ಅಂತಲೇ ಹೋಗುತ್ತದೆ. ಎರಡೂ ಕೂಡುತ್ತವೆ. ಆಡಿಟರ್‌ಗೂ ಕಾಣಲ್ಲ. ಸದಸ್ಯ ಬಂದು ಜಗಳ ಆಡಿದರೆ ಮಾತ್ರ ಗೊತ್ತಾಗುವುದು.

ಕಾಮರ್ಸ್ ಮೇಷ್ಟ್ರು | ಏಪ್ರಿಲ್ 11, ಮಧ್ಯಾಹ್ನ 1:15

ಗುಮಾಸ್ತರೇ, ನೀವು ಎತ್ತಿದ ಪ್ರತಿ ರಸೀದಿಗೆ ಗುರುತು ಹಾಕುತ್ತಿದ್ದಿರಾ? ಕೇಳಲು ಕಾರಣ ಇದೆ. 1494ರಲ್ಲಿ ಲೂಕಾ ಪಾಚೋಲಿ ಅನ್ನುವ ಫ್ರಾನ್ಸಿಸ್ಕನ್ ಸನ್ಯಾಸಿ ವೆನಿಸ್‌ನಲ್ಲಿ ಒಂದು ದಪ್ಪ ಗಣಿತದ ಪುಸ್ತಕ ಅಚ್ಚು ಹಾಕಿಸಿದ. ಅದರ ಒಂದು ಭಾಗ ವೆನಿಸ್ ವ್ಯಾಪಾರಿಗಳ ಲೆಕ್ಕ ಬರೆಯುವ ಪದ್ಧತಿ. ದ್ವಿನಮೂದನ್ನು (ಒಂದೇ ವ್ಯವಹಾರವನ್ನು ಡೆಬಿಟ್, ಕ್ರೆಡಿಟ್ ಎರಡೂ ಕಡೆ ಬರೆಯುವುದು) ಅವನೇ ಕಂಡುಹಿಡಿದ ಅಂತ ಕೆಲವರು ಪಾಠ ಮಾಡುತ್ತಾರೆ, ಅದು ತಪ್ಪು. ಜೆನೋವಾ ನಗರದ 1340ರ ಲೆಡ್ಜರ್‌ಗಳು ಇವತ್ತಿಗೂ ಇವೆ. ಪಾಚೋಲಿ ನಡೆಯುತ್ತಿದ್ದುದನ್ನು ಬರೆದ.

ಅವನು ಮೂರು ಪುಸ್ತಕ ಹೇಳುತ್ತಾನೆ. ಮೊದಲು ಮೆಮೋರಿಯಾಲೆ, ಅಂದರೆ ಕಚ್ಚಾ ಪುಸ್ತಕ. ಅಂಗಡಿಯಲ್ಲಿ ಯಾರು ಬೇಕಾದರೂ ಬರೆಯಬಹುದು. ಆಮೇಲೆ ಜೋರ್ನಾಲೆ, ನಮ್ಮ ಕಿರ್ದಿ. ಕೊನೆಗೆ ಕ್ವಾಡೆರ್ನೊ, ಅದೇ ಲೆಡ್ಜರ್. ಜೋರ್ನಾಲೆಯ ಒಂದು ಎಂಟ್ರಿಯನ್ನು ಲೆಡ್ಜರ್‌ಗೆ ಎತ್ತುವಾಗ, ಡೆಬಿಟ್ ಎತ್ತಿದ ಮೇಲೆ ಆ ಎಂಟ್ರಿಯ ಮೇಲೆ ಒಂದು ಗೆರೆ, ಕ್ರೆಡಿಟ್ ಎತ್ತಿದ ಮೇಲೆ ಇನ್ನೊಂದು ಗೆರೆ. ಅಂಚಿನಲ್ಲಿ ಲೆಡ್ಜರ್‌ನ ಎರಡು ಪುಟಸಂಖ್ಯೆ. ಒಂದೇ ಗೆರೆ ಇದ್ದರೆ ಅರ್ಧ ಕೆಲಸ ಬಾಕಿ ಇದೆ ಅಂತ. ನಮ್ಮ ದಿನವಹಿಯಲ್ಲಿ ಈಗಲೂ ‘ಲೆ.ಪು.’ (ಲೆಡ್ಜರ್ ಪುಟ) ಅಂತ ಒಂದು ಸಣ್ಣ ಕಾಲಂ ಇರುತ್ತದಲ್ಲ, ಎಷ್ಟೋ ಜನ ಖಾಲಿ ಬಿಡುತ್ತಾರೆ. ಅದೂ ಇದೇ ಕೆಲಸಕ್ಕೆ.

ಹಳೇ ಗುಮಾಸ್ತ | ಏಪ್ರಿಲ್ 11, ಸಂಜೆ 4:48

ಪಾಚೋಲಿ ಯಾರೋ ನನಗೆ ಗೊತ್ತಿಲ್ಲ ಮೇಷ್ಟ್ರೇ. ಆದರೆ ನಾನು ರಸೀದಿಯ ನಕಲಿನ ಮೇಲೆ ಎರಡು ಟಿಕ್ ಹಾಕುತ್ತಿದ್ದೆ. ದಿನವಹಿಗೆ ಬರೆದ ಮೇಲೆ ನೀಲಿ, ಕಾರ್ಡ್‌ಗೆ ಬರೆದ ಮೇಲೆ ಕೆಂಪು. ನನಗೆ ಕಲಿಸಿದವರು ಹಾಗೆ ಹಾಕುತ್ತಿದ್ದರು. ಹೊಂದಾಣಿಕೆ ವೋಚರ್‌ಗೂ ಎರಡು ಟಿಕ್.

ಹುಬ್ಬಳ್ಳಿ ದಲಾಲಿ | ಏಪ್ರಿಲ್ 11, ರಾತ್ರಿ 9:20

ಹಳೇ ಪುಸ್ತಕದ ಮಾತು ಬಂದಿದ್ದಕ್ಕೆ ಹೇಳ್ತೀನಿ. ನಾವು ಈಗ ಆಫೀಸಿನ ಫೈಲಿಗೆ ‘ಕಡತ’ ಅಂತೀವಲ್ಲ, ಅದು ಮೊದಲು ಲೆಕ್ಕ ಬರೆಯೋ ಬಟ್ಟೆ. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿದ ಬಟ್ಟೆ. ಮಡಿಕೆ ಮಡಿಕೆಯಾಗಿ ಮಡಚಿ ಇಡೋದು, ಬಳಪದಲ್ಲಿ ಬರೆಯೋದು. ಶೃಂಗೇರಿ ಮಠದ ಕಡತಗಳು ಹೆಸರುವಾಸಿ. ಅದರಲ್ಲಿ ದ್ವಿನಮೂದು ಇತ್ತು ಅಂತ ನಾನು ಹೇಳ್ತಿಲ್ಲ. ಬಳಪ ಅಂದರೆ ಒರೆಸಿ ಮತ್ತೆ ಬರೆಯಬಹುದು ಅನ್ನೋದು ನೆನಪಾಯಿತು, ಅಳಲು ಅವರಿಗೆ ನಿದ್ದೆ ಬರಲ್ಲ.

ಆರ್ಟಿಕಲ್‌ಶಿಪ್ ಅಳಲು | ಏಪ್ರಿಲ್ 11, ರಾತ್ರಿ 9:24

ಅಯ್ಯೋ ದೇವರೇ.

ಮಾರ್ಚ್ ಮಂಗಳಾರತಿ | ಏಪ್ರಿಲ್ 13, ಮಧ್ಯಾಹ್ನ 12:10

ಸಿಕ್ಕಿತು!! ಎರಡೂ!

ಆಗಸ್ಟ್ 31ರ ರಸೀದಿ. ‘ಸಾಲದ ಅಸಲು ₹4,500’ ಅಂತ ಸ್ಪಷ್ಟವಾಗಿದೆ. ದಿನವಹಿಯಲ್ಲಿ ಸರಿ, ಲೆಡ್ಜರ್‌ನಲ್ಲಿ ಸರಿ. ಸದಸ್ಯರ ಸಾಲದ ಕಾರ್ಡ್‌ನಲ್ಲಿ ಆ ತಾರೀಖಿಗೆ ಏನೂ ಇಲ್ಲ. ಅವರದೇ ಉಳಿತಾಯದ ಕಾರ್ಡ್‌ನಲ್ಲಿ ಆಗಸ್ಟ್ 31, ಜಮಾ 4,500. ಎರಡು ಕಾರ್ಡೂ ಒಂದೇ ಪ್ಲಾಸ್ಟಿಕ್ ಕವರ್‌ನಲ್ಲಿ ಬೆನ್ನಿಗೆ ಬೆನ್ನು ಇದ್ದವು. ತಿರುಗಿಸದೇ ಬರೆದಿದ್ದಾರೆ, ಅಷ್ಟೇ.

ಸೆಪ್ಟೆಂಬರ್ 30ರ ಹೊಂದಾಣಿಕೆ ವೋಚರ್. ಮೂವರು ಸದಸ್ಯರ ಡಿವಿಡೆಂಡ್ ₹1,150, ₹850, ₹700. ಒಟ್ಟು ₹2,700, ಸಾಲಕ್ಕೆ ಜಮಾ. ಮೂರು ಕಾರ್ಡ್‌ನಲ್ಲೂ ಸುಳಿವೇ ಇಲ್ಲ. ಗುಮಾಸ್ತರು ಕಣ್ಣಾರೆ ನೋಡಿದ ಹಾಗೆ ಹೇಳಿದ್ದರು.

₹4,500ರವರು ಬಸ್‌ಸ್ಟ್ಯಾಂಡ್ ಹತ್ತಿರ ಹೂವು ಮಾರುವ ಅಜ್ಜಿ. ಕರೆದು ಹೇಳಿದೆ. “ಪಾಸ್‌ಬುಕ್ಕಲ್ಲಿ ಜಾಸ್ತಿ ಐತೆ ಅಂತ ಮೊಮ್ಮಗ ಅಂದಿದ್ದ, ಬಡ್ಡಿ ಇರಬೋದು ಅಂತ ಸುಮ್ನಾದೆ” ಅಂದರು. ಸಾಲ ಕಡಿಮೆಯಾಗದಿದ್ದದ್ದು ಅವರ ಗಮನಕ್ಕೇ ಬಂದಿಲ್ಲ.

ಈಗ ಪ್ರಶ್ನೆ. ಇದಕ್ಕೆ ಜನರಲ್ ಲೆಡ್ಜರ್‌ನಲ್ಲಿ ಏನು ಎಂಟ್ರಿ ಹಾಕಲಿ?

ಕಾಮರ್ಸ್ ಮೇಷ್ಟ್ರು | ಏಪ್ರಿಲ್ 13, ಮಧ್ಯಾಹ್ನ 12:55

₹7,200ಕ್ಕೆ ಲೆಡ್ಜರ್‌ನಲ್ಲಿ ಏನೂ ಎಂಟ್ರಿ ಇಲ್ಲ! ಲೆಡ್ಜರ್ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಕಾರ್ಡ್‌ಗಳನ್ನು ಮಾತ್ರ ತಿದ್ದಬೇಕು. ಅಜ್ಜಿಯ ಉಳಿತಾಯದ ಕಾರ್ಡ್‌ನಲ್ಲಿ ₹4,500 ಇಳಿಸಿ, ಸಾಲದ ಕಾರ್ಡ್‌ನಲ್ಲಿ ₹4,500 ಜಮಾ ಮಾಡಿ. ಆ ಮೂವರ ಕಾರ್ಡ್‌ಗೆ ಡಿವಿಡೆಂಡ್ ಜಮಾ ಬರೆಯಿರಿ.

ಹಳೇ ಗುಮಾಸ್ತ | ಏಪ್ರಿಲ್ 13, ಮಧ್ಯಾಹ್ನ 3:30

ಮೇಷ್ಟ್ರೇ, ಬಡ್ಡಿ ಮರೆತಿರಿ.

ತಂಗಿ, ಅಜ್ಜಿ ಮಾರ್ಚ್ 31ರವರೆಗೆ ಬಡ್ಡಿ ಕಟ್ಟಿದ್ದಾರಾ? ಕಟ್ಟಿದ್ದರೆ ತೀರಿಸಿದ ₹4,500ಕ್ಕೂ ಏಳು ತಿಂಗಳು ಬಡ್ಡಿ ಕಟ್ಟಿದ್ದಾರೆ. ಅದು ಲೆಡ್ಜರ್‌ಗೆ ಬಂದು ಸೇರಿದೆ. ಅದು ನಿಮ್ಮ ಹಣ ಅಲ್ಲ.

ಮಾರ್ಚ್ ಮಂಗಳಾರತಿ | ಏಪ್ರಿಲ್ 13, ರಾತ್ರಿ 8:45

ಕಟ್ಟಿದ್ದಾರೆ ಸಾರ್. ಸಾಲಕ್ಕೆ 12% ಬಡ್ಡಿ. ₹4,500ಕ್ಕೆ ಏಳು ತಿಂಗಳಿಗೆ ₹315 ಜಾಸ್ತಿ ತೆಗೆದುಕೊಂಡಿದ್ದೇವೆ. ಉಳಿತಾಯಕ್ಕೆ 4%, ಮಾರ್ಚ್ 31ಕ್ಕೆ ಜಮಾ ಮಾಡುತ್ತೇವೆ. ಅಲ್ಲಿ ₹105 ಜಾಸ್ತಿ ಕೊಟ್ಟಿದ್ದೇವೆ. ಅಂದರೆ ಅಜ್ಜಿಗೆ ₹210 ವಾಪಸ್ ಬರಬೇಕು.

ನಾನು ಬರೆದ ಎಂಟ್ರಿ ಸರಿಯೇ ನೋಡಿ:

ಸಾಲದ ಮೇಲಿನ ಬಡ್ಡಿ (ಆದಾಯ) ಖಾತೆ, ಡೆಬಿಟ್ ₹315
ಉಳಿತಾಯದ ಮೇಲಿನ ಬಡ್ಡಿ (ಖರ್ಚು) ಖಾತೆ, ಕ್ರೆಡಿಟ್ ₹105
ಸದಸ್ಯರ ಉಳಿತಾಯ ಠೇವಣಿ ಖಾತೆ, ಕ್ರೆಡಿಟ್ ₹210

ಡಿವಿಡೆಂಡ್‌ನ ಮೂವರಿಗೂ ಹಾಗೇ. ಆರು ತಿಂಗಳಿಗೆ ₹69, ₹51, ₹42. ಒಟ್ಟು ₹162 ಅದೇ ಆದಾಯ ಖಾತೆಯಿಂದ ಅವರವರ ಉಳಿತಾಯಕ್ಕೆ.

ಆರ್ಟಿಕಲ್‌ಶಿಪ್ ಅಳಲು | ಏಪ್ರಿಲ್ 13, ರಾತ್ರಿ 9:02

ಸರಿಯಾಗಿದೆ. ಆಡಿಟ್ ಇನ್ನೂ ಆಗಿಲ್ಲ, ಲಾಭ-ನಷ್ಟ ಮುಗಿಸಿಲ್ಲ, ಆದ್ದರಿಂದ ಮಾರ್ಚ್ 31ರ ತಾರೀಖಿಗೇ ಹೊಂದಾಣಿಕೆ ವೋಚರ್ ಹಾಕಿ. ವಿವರ ಪೂರ್ತಿ ಬರೆಯಿರಿ, ಆಗಸ್ಟ್ 31ರ ರಸೀದಿ ಸಂಖ್ಯೆ ಸಮೇತ. ಕಾರ್ಯದರ್ಶಿಯವರ ಸಹಿ ಇರಲಿ. ಆಡಿಟರ್ ಬಂದ ದಿನ ನೀವೇ ಮೊದಲು ತೋರಿಸಿ.

ಸೆಕೆಂಡ್ ಪಿಯು ಸೈನಿಕ | ಏಪ್ರಿಲ್ 13, ರಾತ್ರಿ 9:10

₹7,200ಕ್ಕೆ ಎಂಟ್ರಿ ಇಲ್ಲ, ₹210ಕ್ಕೆ ಎಂಟ್ರಿ ಇದೆ. ತಲೆ ತಿರುಗ್ತಿದೆ. ಆದರೆ ಅರ್ಥ ಆಯ್ತು ಅನ್ನಿಸ್ತಿದೆ.

ಹುಬ್ಬಳ್ಳಿ ದಲಾಲಿ | ಏಪ್ರಿಲ್ 14, ಬೆಳಗ್ಗೆ 7:40

ನಿರ್ದೇಶಕರ ಮಾತು ಕೇಳಿ ಅನಾಮತ್ತಿಗೆ ಹಾಕಿದ್ದರೆ ಅಜ್ಜಿ ಈ ವರ್ಷವೂ ಆ ₹4,500ಕ್ಕೆ ಬಡ್ಡಿ ಕಟ್ತಾ ಇರೋರು.

ಮಾರ್ಚ್ ಮಂಗಳಾರತಿ | ಏಪ್ರಿಲ್ 16, ಸಂಜೆ 6:30

ಕಾರ್ಡ್‌ಗಳೆಲ್ಲ ತಿದ್ದಿ ಆಯಿತು. ಸಾಲದ ಕಾರ್ಡ್‌ಗಳ ಮೊತ್ತ ₹18,46,300. ಲೆಡ್ಜರ್ ₹18,46,300. ನಿನ್ನೆಯಿಂದ ರಸೀದಿ ನಕಲಿನ ಮೇಲೆ ನೀಲಿ ಟಿಕ್ ನನ್ನದು, ಕೆಂಪು ಟಿಕ್ ಕೌಂಟರ್‌ನವರದು. ಅಜ್ಜಿ ಕನಕಾಂಬರ ಒಂದು ಮೊಳ ಕೊಟ್ಟು ಹೋದರು, ದುಡ್ಡು ತೆಗೆದುಕೊಳ್ಳಲಿಲ್ಲ.

ಉಳಿತಾಯದ ಕಾರ್ಡ್‌ಗಳಲ್ಲಿ ಮಾತ್ರ ಇನ್ನೂ ₹36 ಜಾಸ್ತಿ ಇದೆ.

ಕಾಮರ್ಸ್ ಮೇಷ್ಟ್ರು | ಏಪ್ರಿಲ್ 16, ಸಂಜೆ 6:34

36 ಕೂಡ 9ರಿಂದ

ಹಳೇ ಗುಮಾಸ್ತ | ಏಪ್ರಿಲ್ 16, ಸಂಜೆ 6:36

ಮೇಷ್ಟ್ರೇ, ಸಾಕು. ತಂಗಿ, ಸೆಪ್ಟೆಂಬರ್ 30ರಿಂದ ಶುರು ಮಾಡು.